ದೂರದ ಸರ್ಕಾರ

ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಿ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಹಿರಿಯರೊಬ್ಬರು, “ಸರಕಾರ ದೂರ ಇದ್ದಷ್ಟೂ ಚಲೋ ನೋಡ್ರಿ” ಎಂದರು. ಅವರ ತಂದೆ ನಿಜಾಮನ ಕಾಲದಲ್ಲಿ ಜಾಗೀರಿನ ಹೊಲದಲ್ಲಿ ದುಡಿದವರು. ಬಿಟ್ಟಿಚಾಕರಿಯ ಕಥೆ ಮಗನಿಗೆ ಬಾಯಿಪಾಠ. ‘ಲಿಬರ್ಟೇರಿಯನ್’ ಎಂಬ ಹೆಸರನ್ನು ಅವರು ಕೇಳಿದವರಲ್ಲ. ಆದರೂ ಆ ಪಂಥದ ಮೊದಲ ಮಾತು ಅದೇ.

ಆ ಹೆಸರಿಗೂ ನಮ್ಮ ಸುರಪುರಕ್ಕೂ ಒಂದೇ ವರ್ಷದ ನಂಟಿದೆ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಎದ್ದು ಸೋತನು. ಅದೇ ಜೂನ್‌ನಲ್ಲಿ ಜೋಸೆಫ್ ದೆಜಾಕ್ ಎಂಬ ಫ್ರೆಂಚ್ ದೇಶಭ್ರಷ್ಟ, ಗೋಡೆಗೆ ಕಾಗದ ಅಂಟಿಸಿ ಹೊಟ್ಟೆ ಹೊರೆಯುವ ಕಸುಬಿನವನು, ನ್ಯೂಯಾರ್ಕಿನಲ್ಲಿ ‘ಲ ಲಿಬೆರ್ತೇರ್’ ಪತ್ರಿಕೆ ಹೊರಡಿಸಿದನು. ಅವನು ಅರಾಜಕವಾದಿ. ಅರಸನೂ ಬೇಡ, ಜಮೀನ್ದಾರನೂ ಬೇಡ. ಹೆಣ್ಣಿನ ಮೇಲೆ ಗಂಡಿನ ಅಧಿಕಾರವೂ ಬೇಡ.

ಮರುವರ್ಷ ಲಂಡನ್ನಿನಲ್ಲಿ ಜಾನ್ ಸ್ಟುವರ್ಟ್ ಮಿಲ್ಲನ ‘ಆನ್ ಲಿಬರ್ಟಿ’ ಪ್ರಕಟವಾಯಿತು. ಉದಾರವಾದಿಯಾದ ಮಿಲ್ಲನಿಗೆ ಸರ್ಕಾರ ಬೇಕು. ಆದರೆ ಪರರಿಗೆ ಹಾನಿಯಾಗದ ತನಕ ಒಬ್ಬನ ಬದುಕಿಗೆ ಅದು ಕೈಹಾಕಬಾರದು. ಸೋಜಿಗವೆಂದರೆ, ಇದೇ ಮಿಲ್ಲನು 1836ರಿಂದ 1856ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ದೇಶೀಯ ಸಂಸ್ಥಾನಗಳ ಪತ್ರವ್ಯವಹಾರ ನೋಡುತ್ತಿದ್ದವನು. ಮೆಡೋಸ್ ಟೇಲರನು ಸುರಪುರದಲ್ಲಿ ಬಾಲಕ ರಾಜನ ಪರವಾಗಿ ಆಡಳಿತ ನಡೆಸಿದ್ದು ಆ ಅವಧಿಯಲ್ಲೇ. ‘ಹಿಂದುಳಿದ’ ಸಮಾಜಗಳಿಗೆ ತನ್ನ ತತ್ತ್ವ ಅನ್ವಯಿಸದೆಂದು ಮಿಲ್ಲನು ಆ ಪುಸ್ತಕದಲ್ಲೇ ಬರೆದಿಟ್ಟಿದ್ದಾನೆ. ಸುರಪುರ ಅವನ ಲೆಕ್ಕದಲ್ಲಿ ಇರಲಿಲ್ಲವೆಂದಾಯಿತು.

ನೂರು ವರ್ಷಗಳ ಮೇಲೆ, 1950ರ ದಶಕದ ಅಮೆರಿಕೆಯಲ್ಲಿ, ದೆಜಾಕನ ಪದವನ್ನು ಹಳೆಯ ಉದಾರವಾದದವರೇ ಎತ್ತಿಕೊಂಡರು. ಅಲ್ಲಿ ‘ಲಿಬರಲ್’ ಎಂದರೆ ಸರ್ಕಾರಿ ಯೋಜನೆಗಳ ಪಕ್ಷಪಾತಿ ಎಂಬ ಅರ್ಥ ಬಂದುಬಿಟ್ಟಿತ್ತು. ಹೀಗಾಗಿ ಅಲ್ಲಿನ ಲಿಬರ್ಟೇರಿಯನ್ನನ ಹೆಸರು ಅರಾಜಕವಾದಿಯದು, ಆಸ್ತಿಯ ಹಕ್ಕಿನ ಮೇಲಿನ ನಿಷ್ಠೆ ಉದಾರವಾದಿಯದು. ಅವರಲ್ಲಿ ಮರ್ರೇ ರಾತ್‌ಬಾರ್ಡನಂಥವರು ಇನ್ನೂ ಮುಂದೆ ಹೋಗಿ, ಪೊಲೀಸು ನ್ಯಾಯಾಲಯಗಳನ್ನೂ ಖಾಸಗಿಯವರಿಗೆ ಬಿಡಿ, ಸರ್ಕಾರವೇ ಬೇಡ ಎಂದರು. ದೆಜಾಕನ ಕಡೆಯವರು ಇದನ್ನು ಒಪ್ಪುವುದಿಲ್ಲ. ಏಕೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದ್ ಸಂಸ್ಥಾನದ ದೊಡ್ಡ ಜಾಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ನ್ಯಾಯಾಲಯ ಇದ್ದವು. ಅವನ್ನು 1949ರ ಆಗಸ್ಟಿನಲ್ಲಿ ರದ್ದು ಮಾಡಿದ್ದು ಸರ್ಕಾರ. ಆಸ್ತಿಯ ಹಕ್ಕಿಗೆ ಮರ್ಯಾದೆ ಕೊಟ್ಟು ಜಾಗೀರ್ದಾರರಿಗೆ ಪರಿಹಾರ ಗೊತ್ತುಮಾಡಿದ್ದೂ ಅದೇ ಸರ್ಕಾರ.

ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಾಗೀರ್ದಾರಗ ರೊಕ್ಕ ಕೊಟ್ರು ಅಂತೀರಿ. ಬಿಟ್ಟಿ ದುಡದಾಂವಗ ಯಾಕ ಕೊಡ್ಲಿಲ್ರಿ?” ಎಂದು ಕೇಳಿದರು.