ಬಾಸೆಲ್ ಮಿಷನ್ ಮತ್ತು ಒಂದನೆಯ ಮಹಾಯುದ್ಧ (ಕನ್ನಡ ಕರಾವಳಿ)

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಪ್ರಾಟೆಸ್ಟೆಂಟ್ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್. 1834ರಿಂದ ಕನ್ನಡ ಕರಾವಳಿಯಲ್ಲಿ ನೆಲೆಸಿದ್ದ ಈ ಸಂಸ್ಥೆಯನ್ನು ಬ್ರಿಟಿಷ್ ಸರ್ಕಾರ 1914–18ರ ಯುದ್ಧಕಾಲದಲ್ಲಿ ಶತ್ರುಪಕ್ಷದ್ದೆಂದು ಬಗೆಯಿತು. ಅದರ ಜರ್ಮನ್ ಮಿಷನರಿಗಳು ಬಂಧನಕ್ಕೂ ಗಡೀಪಾರಿಗೂ ಗುರಿಯಾದರು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಅದರ ಕೈತಪ್ಪಿದವು. ಯುದ್ಧ ಹೂಡಿದ ಹೊಣೆ ಯಾರದೆಂಬ ಯುರೋಪಿನ ವಿವಾದ ಕನ್ನಡನಾಡನ್ನು ನೇರವಾಗಿ ಮುಟ್ಟಿದ್ದು ಈ ಸಂಸ್ಥೆಯ ಮೂಲಕ.

ಹಿನ್ನೆಲೆ

ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮೂಲ್ಕಿ, ಉಡುಪಿಗಳಲ್ಲಿ ಮಿಷನ್ನಿನ ಕೇಂದ್ರಗಳು ಹುಟ್ಟಿದವು. ಉತ್ತರ ಕನ್ನಡದಲ್ಲಿ ಹೊನ್ನಾವರ ಅದರ ನೆಲೆಯಾಗಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದನು. ಫರ್ಡಿನೆಂಡ್ ಕಿಟೆಲ್‌ನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು.

ಉದ್ಯಮದಲ್ಲೂ ಮಿಷನ್ ಹೆಸರಾಗಿತ್ತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದನು. ಕುದ್ರೋಳಿಯಲ್ಲಿ 1882ರಲ್ಲಿ, ಮಲ್ಪೆಯಲ್ಲಿ 1886ರಲ್ಲಿ ಇನ್ನೆರಡು ಎದ್ದವು. ಮಲಬಾರಿನವೂ ಸೇರಿ 20ನೆಯ ಶತಮಾನದ ಆರಂಭಕ್ಕೆ ಇವುಗಳ ಸಂಖ್ಯೆ ಏಳಾಯಿತು. ಮಂಗಳೂರಿನ ಮಿಷನ್ ನೇಯ್ಗೆಶಾಲೆಯಲ್ಲಿ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣದ ಬಟ್ಟೆ ತಯಾರಿಸಿದ ಕೀರ್ತಿಯನ್ನು ಜಾನ್ ಹಾಲರ್‌ಗೆ ಕೊಡುವುದು ವಾಡಿಕೆ. ಅದೇ ಮುಂದೆ ಬ್ರಿಟಿಷ್ ಸೈನ್ಯದ ಸಮವಸ್ತ್ರದ ಬಣ್ಣವಾಯಿತು.

ರಾಷ್ಟ್ರೀಯತೆಯ ಗೊಂದಲ

ಮಿಷನ್ನಿನ ಕೇಂದ್ರ ಕಚೇರಿ ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿತ್ತು. ಆದರೆ ಮಿಷನರಿಗಳಲ್ಲಿ ಬಹುಪಾಲು ಜನ ಜರ್ಮನರು, ಅದರಲ್ಲೂ ನೈಋತ್ಯ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. ಕನ್ನಡನಾಡಿಗೆ ಬಂದ ಮೊದಲ ತಲೆಮಾರಿಗೆ 'ಜರ್ಮನಿ' ಎಂಬ ರಾಜ್ಯವೇ ಇರಲಿಲ್ಲ. ಮೋಗ್ಲಿಂಗ್ ವ್ಯೂರ್ಟೆಂಬರ್ಗ್ ದೊರೆಯ ಪ್ರಜೆ. ಕಿಟೆಲ್ ಹುಟ್ಟಿದ ಪೂರ್ವ ಫ್ರೀಸ್ಲೆಂಡ್ ಆಗ ಹಾನೋವರ್ ರಾಜ್ಯಕ್ಕೆ ಸೇರಿತ್ತು. 1866ರ ಯುದ್ಧದಲ್ಲಿ ಈ ಎರಡೂ ರಾಜ್ಯಗಳು ಪ್ರಶ್ಯದ ವಿರುದ್ಧ ಕಾದಿ ಸೋತವು. ಹಾನೋವರನ್ನು ಪ್ರಶ್ಯ ನುಂಗಿತು. ವ್ಯೂರ್ಟೆಂಬರ್ಗ್ ತನ್ನ ದೊರೆಯನ್ನು ಉಳಿಸಿಕೊಂಡೇ 1871ರಲ್ಲಿ ಹೊಸ ಜರ್ಮನ್ ಸಾಮ್ರಾಜ್ಯದೊಳಗೆ ಸೇರಿತು.

ಹೀಗೆ ಪ್ರಶ್ಯದ ಸೈನಿಕ ಪರಂಪರೆ ಇಡೀ ಸಾಮ್ರಾಜ್ಯದ ಪರಂಪರೆಯಾಯಿತು. ಸೈನ್ಯದ ಮೇಲಿನ ಅಧಿಕಾರ ಚಕ್ರವರ್ತಿಯದಾಗಿತ್ತು, ಸಂಸತ್ತಿಗೆ ಅದರ ಮೇಲೆ ಹಿಡಿತ ಕಡಿಮೆ. 1898ರಿಂದ ನೌಕಾಬಲವನ್ನು ಹಿಗ್ಗಿಸಿದ ಕಾಯಿದೆಗಳು ಬ್ರಿಟನ್ನಿನೊಡನೆ ಪೈಪೋಟಿ ಹುಟ್ಟಿಸಿದವು. ವಸಾಹತುಗಳ ಹಂಬಲದಲ್ಲಿ ಜರ್ಮನಿ 1884ರಲ್ಲಿ ಆಫ್ರಿಕದ ಕ್ಯಾಮರೂನನ್ನು ವಶಪಡಿಸಿಕೊಂಡಿತು. ಎರಡು ವರ್ಷಗಳೊಳಗೆ ಬಾಸೆಲ್ ಮಿಷನ್ ಅಲ್ಲಿಯೂ ಕೆಲಸ ತೊಡಗಿತು. ಸಂಸ್ಥೆ ಸ್ವಿಸ್ ಎಂಬ ವಾದವನ್ನು ಬ್ರಿಟಿಷರು ಒಪ್ಪದಿರಲು ಇಂಥ ನಂಟುಗಳೂ ಕಾರಣವಾದವು.

ಯುದ್ಧದ ಆರಂಭ

ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾದದ್ದು 1914ರ ಜೂನ್ 28ರಂದು. ಸರ್ಬಿಯದ ಮೇಲೆ ಯಾವ ಕ್ರಮ ಕೈಗೊಂಡರೂ ಬೆಂಬಲಿಸುವುದಾಗಿ ಜರ್ಮನಿ ಜುಲೈ 5–6ರಂದು ಆಸ್ಟ್ರಿಯಕ್ಕೆ ಮಾತುಕೊಟ್ಟಿತು. ಆಗಸ್ಟ್ 4ರಂದು ಜರ್ಮನ್ ಸೈನ್ಯ ತಟಸ್ಥ ಬೆಲ್ಜಿಯಂಗೆ ನುಗ್ಗಿತು. ಅದೇ ದಿನ ಬ್ರಿಟನ್ ಯುದ್ಧ ಸಾರಿತು. ಭಾರತದ ಅಭಿಪ್ರಾಯ ಕೇಳದೆಯೇ ಭಾರತವೂ ಯುದ್ಧಕ್ಕಿಳಿಯಿತು.

ಯುದ್ಧದ ಬಿಸಿ ಬೇಗನೆ ಕಡಲಿಗೂ ತಟ್ಟಿತು. 'ಎಮ್ಡೆನ್' ಎಂಬ ಜರ್ಮನ್ ಯುದ್ಧನೌಕೆ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತು. ಅರಬ್ಬೀ ಸಮುದ್ರದಲ್ಲಿ ಮಿನಿಕಾಯ್ ಬಳಿ ಸರಕಿನ ಹಡಗುಗಳನ್ನು ಹಿಡಿದು ಮುಳುಗಿಸಿತು. ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ನಾಶವಾಗುವವರೆಗೂ ಅದರ ಭಯ ಇತ್ತು. ಇಂಥ ಹೊತ್ತಿನಲ್ಲಿ ಬಂದರು ಪಟ್ಟಣಗಳಲ್ಲಿ ವಾಸವಿದ್ದ ಜರ್ಮನರ ಮೇಲೆ ಸಂಶಯ ಬೀಳುವುದು ಸಹಜವಾಗಿತ್ತು.

ಬಂಧನ ಮತ್ತು ಗಡೀಪಾರು

ಕನ್ನಡ ಕರಾವಳಿ 1862ರಿಂದ ಎರಡು ಪ್ರಾಂತಗಳಲ್ಲಿ ಹಂಚಿಹೋಗಿತ್ತು. ಕುಮಟಾ, ಹೊನ್ನಾವರ, ಭಟ್ಕಳಗಳಿದ್ದ ಉತ್ತರ ಕನ್ನಡ ಮುಂಬಯಿ ಸರ್ಕಾರಕ್ಕೆ ಸೇರಿತ್ತು. ಭಟ್ಕಳದ ದಕ್ಷಿಣಕ್ಕೆ ಶಿರೂರಿನಿಂದಾಚೆಗಿನದು ಮದ್ರಾಸ್ ಸರ್ಕಾರಕ್ಕೆ. ಇದರಿಂದ ಹೊನ್ನಾವರದ ಮಿಷನರಿ ಒಂದು ಸರ್ಕಾರಕ್ಕೂ ಉಡುಪಿಯ ಮಿಷನರಿ ಇನ್ನೊಂದಕ್ಕೂ ಉತ್ತರ ಹೇಳಬೇಕಾಯಿತು.

ಆರಂಭದಲ್ಲಿ ಮಿಷನರಿಗಳಿಂದ ಮುಚ್ಚಳಿಕೆ ಬರೆಸಿಕೊಂಡು ಕೆಲಸ ಮುಂದುವರಿಸಲು ಬಿಟ್ಟಿದ್ದರು. 1915ರಲ್ಲಿ ನೀತಿ ಬಿಗಿಯಾಯಿತು. ಸೇನೆಗೆ ಸೇರಬಲ್ಲ ವಯಸ್ಸಿನ ಗಂಡಸರನ್ನು ಅಹ್ಮದ್‌ನಗರದ ಶಿಬಿರದಲ್ಲಿಟ್ಟರು. ಹೆಂಗಸರು, ಮಕ್ಕಳು, ವಯಸ್ಸಾದವರು 'ಗೋಲ್ಕೊಂಡ' ಹಡಗಿನಲ್ಲಿ 1915ರ ಕೊನೆಗೂ 1916ರಲ್ಲೂ ಯುರೋಪಿಗೆ ಸಾಗಿದರು. ಸ್ವಿಸ್ ಪ್ರಜೆಗಳಾದ ಮಿಷನರಿಗಳಿಗೆ ಈ ಗತಿ ಬರಲಿಲ್ಲ. ಒಂದೇ ಸಂಸ್ಥೆಯಲ್ಲಿ ಒಂದೇ ಕೆಲಸ ಮಾಡುತ್ತಿದ್ದ ಇಬ್ಬರಲ್ಲಿ ಯಾರು ಶತ್ರು ಎಂಬುದನ್ನು ಅವರ ನಂಬಿಕೆಯಾಗಲಿ ನಡತೆಯಾಗಲಿ ತೀರ್ಮಾನಿಸಲಿಲ್ಲ, ಪೌರತ್ವದ ಕಾಗದ ತೀರ್ಮಾನಿಸಿತು.

ಆಸ್ತಿ ಮತ್ತು ವರ್ಸೇಲ್ಸ್ ಒಪ್ಪಂದ

ಶತ್ರು ವ್ಯಾಪಾರ ಕುರಿತ 1916ರ ಕಾಯಿದೆ ಜರ್ಮನ್ ಹಿಡಿತದ ಉದ್ಯಮಗಳನ್ನು ಸರ್ಕಾರದ ಅಂಕೆಗೆ ತಂದಿತು. ಯುದ್ಧ ಮುಗಿದ ಮೇಲೆ ಮಿಷನ್ನಿನ ಹೆಂಚು ಹಾಗೂ ನೇಯ್ಗೆ ಕಾರ್ಖಾನೆಗಳನ್ನು ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿ ವಹಿಸಿಕೊಂಡಿತು. ಹೆಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಅಚ್ಚು ಇದ್ದಲ್ಲಿ ಕಾಮನ್‌ವೆಲ್ತ್ ಹೆಸರು ಮೂಡಿತು. ಕರಾವಳಿಯ ಹಳೆಯ ಮನೆಗಳ ಮಾಡು ಬಿಚ್ಚುವಾಗ ಎರಡೂ ಅಚ್ಚಿನ ಹೆಂಚುಗಳು ಸಿಗುವುದುಂಟು.

1919ರ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದದ ಎರಡು ವಿಧಿಗಳು ಇಲ್ಲಿ ಮುಖ್ಯ. 231ನೆಯ ವಿಧಿ ಯುದ್ಧದ ನಷ್ಟಕ್ಕೆಲ್ಲ ಜರ್ಮನಿ ಮತ್ತು ಅದರ ಮಿತ್ರರನ್ನು ಹೊಣೆ ಮಾಡಿತು. 438ನೆಯ ವಿಧಿ ಜರ್ಮನ್ ಮಿಷನ್ನುಗಳ ಆಸ್ತಿಯನ್ನು ಕ್ರೈಸ್ತ ಧರ್ಮದರ್ಶಿಗಳಿಗೆ ಒಪ್ಪಿಸಿ, ಮಿಷನ್ ಉದ್ದೇಶಕ್ಕೇ ಬಳಸಬೇಕೆಂದು ಹೇಳಿತು. ಜರ್ಮನಿ ಈ ಏರ್ಪಾಟನ್ನು ಪ್ರಶ್ನಿಸುವಂತಿರಲಿಲ್ಲ. ಭಾರತದ ಪರವಾಗಿ ಈ ಒಪ್ಪಂದಕ್ಕೆ ಸಹಿ ಹಾಕಿದವರು ಎಡ್ವಿನ್ ಮಾಂಟೆಗ್ಯು ಮತ್ತು ಬಿಕಾನೇರದ ಮಹಾರಾಜ ಗಂಗಾಸಿಂಗ್.

ಹೊಣೆಯ ಚರ್ಚೆ

ಯುದ್ಧ ಶುರುವಾದ ಕೂಡಲೇ, 1914ರ ಸೆಪ್ಟೆಂಬರಿನಲ್ಲಿ, ಹಾರ್ನಾಕ್ ಮೊದಲಾದ ಜರ್ಮನ್ ದೇವತಾಶಾಸ್ತ್ರಜ್ಞರೂ ಮಿಷನ್ ಮುಖಂಡರೂ ವಿದೇಶದ ಕ್ರೈಸ್ತರಿಗೆ ಮನವಿ ಹೊರಡಿಸಿ, ಯುದ್ಧದ ತಪ್ಪು ತಮ್ಮ ದೇಶದ್ದಲ್ಲವೆಂದರು. ಇದಕ್ಕೆ ಹೊರತಾದ ದನಿಗಳೂ ಇದ್ದವು. ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್‌ನ ಮೊಮ್ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ ರಾಷ್ಟ್ರದ್ವೇಷ ಬೇಡವೆಂದು ಅದೇ ವರ್ಷದ ನವೆಂಬರಿನಲ್ಲಿ ಸ್ವಿಸ್ ಪತ್ರಿಕೆಯೊಂದರಲ್ಲಿ ಬರೆದು, ಜರ್ಮನಿಯಲ್ಲಿ ದ್ರೋಹಿಯೆನಿಸಿಕೊಂಡನು.

ಜರ್ಮನಿಯ ಆಳುವ ವರ್ಗದ ಮಹತ್ವಾಕಾಂಕ್ಷೆಯೇ ಯುದ್ಧಕ್ಕೆ ಮುಖ್ಯ ಕಾರಣವೆಂದು ಜರ್ಮನ್ ಇತಿಹಾಸಕಾರ ಫ್ರಿಟ್ಜ್ ಫಿಷರ್ 1961ರಲ್ಲಿ ವಾದಿಸಿದನು. ಹೊಣೆ ಎಲ್ಲ ರಾಜಧಾನಿಗಳಲ್ಲೂ ಹಂಚಿಹೋಗಿತ್ತೆಂದು ಕ್ರಿಸ್ಟೋಫರ್ ಕ್ಲಾರ್ಕ್ 2012ರಲ್ಲಿ ತೋರಿಸಲೆತ್ನಿಸಿದನು. ಬರ್ಲಿನ್ನಿನ ಪಾಲು ದೊಡ್ಡದೆಂಬುದನ್ನು ಇಂದಿಗೂ ಹಲವು ಇತಿಹಾಸಕಾರರು ಒಪ್ಪುತ್ತಾರೆ. ಆದರೆ ತೀರ್ಮಾನ ಕೈಗೊಂಡ ಸರ್ಕಾರದ ಹೊಣೆ ಬೇರೆ, ಆ ದೇಶದ ಪ್ರಜೆಗಳ ಹೊಣೆ ಬೇರೆ. ಕರಾವಳಿಯಲ್ಲಿ ನಡೆದ ಕ್ರಮಗಳು ಈ ಎರಡನ್ನೂ ಒಂದಾಗಿ ಕಂಡವು. ಇಲ್ಲಿನ ಮಿಷನರಿಗಳಿಗೆ ಬರ್ಲಿನ್ನಿನ ತೀರ್ಮಾನದಲ್ಲಿ ಪಾಲಿರಲಿಲ್ಲ.

ಪರಿಣಾಮ

ಮಿಷನರಿಗಳು ಹೋದ ಮೇಲೆ ಸಭೆಗಳ ಭಾರ ಸ್ಥಳೀಯ ಪಾದ್ರಿಗಳ ಮತ್ತು ಹಿರಿಯರ ಮೇಲೆ ಬಿತ್ತು. ಲೊಸಾನ್ ನಗರದಲ್ಲಿ ಸ್ವಿಸ್ಸರು ಕಟ್ಟಿದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಸ್ವಲ್ಪ ಕಾಲ ನೆರವಾಯಿತು. ಜರ್ಮನ್ ಮಿಷನರಿಗಳಿಗೆ ಮತ್ತೆ ಪ್ರವೇಶ ಸಿಕ್ಕಿದ್ದು 1920ರ ದಶಕದ ಉತ್ತರಾರ್ಧದಲ್ಲಿ. ಎರಡನೆಯ ಮಹಾಯುದ್ಧ ಬಂದಾಗ ಅವರು ಪುನಃ ಬಂಧನಕ್ಕೊಳಗಾದರು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಅದರಲ್ಲಿ ಸೇರಿದವು. ಮುಂಬಯಿ ಕರ್ನಾಟಕದವು 1968ರಲ್ಲಿ ಸೇರಿಕೊಂಡವು.