ಅಗಲಿದವರ ನೆನಪು: ಆತಕೂರಿನ ಕಲ್ಲು ಕಲಿಸಿದ್ದು



ಮಹಾಲಯ ಅಮಾವಾಸ್ಯೆ ಸಮೀಪಿಸುತ್ತಿದೆ. ವೈದ್ಯವೃತ್ತಿಯಲ್ಲಿ ಅನೇಕ ಕುಟುಂಬಗಳಿಗೆ ಸಾವಿನ ಸುದ್ದಿಯನ್ನು ತಿಳಿಸಿದ್ದೇನೆ. ಆದರೆ ನನ್ನ ತಂದೆಯವರು ತೀರಿಕೊಂಡಾಗ ಊರು ತಲುಪಲಾಗದೆ, ಅವರ ಅಂತ್ಯಕ್ರಿಯೆಯನ್ನು ಮೊಬೈಲಿನ ಪರದೆಯಲ್ಲಿ ನೋಡಬೇಕಾಯಿತು. ಹೆಗಲು ಕೊಡಲಾಗದವರು ಹಿರಿಯರನ್ನು ಸ್ಮರಿಸುವ ಬಗೆ ಹೇಗೆ ಎಂಬ ಪ್ರಶ್ನೆ ಅಂದಿನಿಂದ ಕಾಡುತ್ತಿದೆ. ನಮ್ಮ ನಾಡಿನ ಸ್ಮಾರಕಶಿಲೆಗಳ ಇತಿಹಾಸವನ್ನು ಓದಲು ತೊಡಗಿದ್ದು ಆ ಕಾರಣದಿಂದಲೇ.

ಊರನ್ನೂ ದನಕರುಗಳನ್ನೂ ಕಾಯುತ್ತ ಮಡಿದವರಿಗೆ ನಮ್ಮವರು ವೀರಗಲ್ಲು ನೆಟ್ಟರು. ಸಲ್ಲೇಖನ ವ್ರತದಿಂದ ದೇಹ ತೊರೆದ ಜೈನರಿಗೆ ನಿಸಿದಿಗಲ್ಲು ನಿಲ್ಲಿಸಿದರು. ಅನೇಕ ವೀರಗಲ್ಲುಗಳಲ್ಲಿ ಮೂರು ಹಂತಗಳಿವೆ: ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬೆಂಗಳೂರೆಂಬ ಹೆಸರಿನ ಅತಿ ಪ್ರಾಚೀನ ಉಲ್ಲೇಖವೆಂದು ಪ್ರಸಿದ್ಧವಾದ, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನವೂ ಕಾಳಗದಲ್ಲಿ ಮಡಿದವರ ಸ್ಮರಣೆಗೆ ಸಂಬಂಧಿಸಿದ್ದೇ.

ಇವೆಲ್ಲವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗನ ಆಳು ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟನು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲು ನೆಟ್ಟು ಮಣಲೆರನು ಸುಮ್ಮನಾಗಲಿಲ್ಲ. ಅಲ್ಲಿನ ಗೊರವನು, ಅಂದರೆ ಶೈವ ಅರ್ಚಕನು, ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನ ವಿಧಿಸುತ್ತದೆ. ತನ್ನ ದುಃಖ ತನ್ನೊಡನೆಯೇ ಮುಗಿಯದಂತೆ, ಸ್ಮರಣೆಯನ್ನು ಅವನು ಮತ್ತೊಬ್ಬರ ನಿತ್ಯದ ಕರ್ತವ್ಯವಾಗಿಸಿದನು.

ಆದ್ದರಿಂದ ನಮ್ಮ ಮನೆಯಲ್ಲೊಂದು ಚಿಕ್ಕ ನಿಯಮವಿದೆ. ಮಹಾಲಯದಂದು ಮಕ್ಕಳು ತಾತನ ಹೆಸರು, ಅವರ ಊರು, ಅವರು ಮಾಡಿದ ಒಂದು ಕೆಲಸ ಇವನ್ನು ಕನ್ನಡದಲ್ಲಿ ಬರೆದು ಓದುತ್ತಾರೆ, ಆಮೇಲೆಯೇ ಊಟ. ಪ್ರತಿವರ್ಷವೂ ಹೊಸದೊಂದು ಸಂಗತಿ ಬರೆಯಬೇಕಾದ್ದರಿಂದ ಅವರು ಊರಿಗೆ ಕರೆ ಮಾಡಿ ಅಜ್ಜಿಯನ್ನು ಕೇಳುತ್ತಾರೆ, ಅಜ್ಜಿ ಬಹಳ ಹೊತ್ತು ಮಾತಾಡುತ್ತಾರೆ. ಹೆಗಲು ಕೊಟ್ಟದ್ದಕ್ಕೆ ಇದು ಸಮನಲ್ಲ ಎಂಬುದನ್ನು ಬಲ್ಲೆ. ಆದರೂ ಈ ಮಹಾಲಯದಂದು ತಮ್ಮ ಮನೆಗಳಲ್ಲಿಯೂ ಎಲೆ ಹಾಕುವ ಮುನ್ನ ಹಿರಿಯರೊಬ್ಬರ ಹೆಸರನ್ನು ಮಕ್ಕಳಿಂದ ಹೇಳಿಸಬೇಕೆಂದು ವಿನಂತಿಸುತ್ತೇನೆ.