ವಿಹಾರಕ್ಕೆ ಬಿಟ್ಟ ಜಮೀನು: ಮಾಲೀಕನ ಹೊಣೆ

ಖಾಸಗಿ ಜಮೀನಿನಲ್ಲಿ ಚಾರಣಕ್ಕೋ ಈಜಿಗೋ ಜನರನ್ನು ಬಿಟ್ಟುಕೊಂಡ ಮಾಲೀಕನಿಗೆ ಅವರ ಸುರಕ್ಷತೆಯ ಬಗ್ಗೆ ಇರುವ ಕಾನೂನುಬದ್ಧ ಬಾಧ್ಯತೆ. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಔಷಧೀಯ ಸಸ್ಯಗಳಿಗೂ ಗುಹಾಲಯಕ್ಕೂ ಹೆಸರಾಗಿದ್ದು, ಭಕ್ತರ ಜೊತೆಗೆ ಚಾರಣಿಗರನ್ನೂ ಸೆಳೆಯುತ್ತದೆ. ಇಂಥ ಬೆಟ್ಟಗಳ ತಪ್ಪಲಿನಲ್ಲಿ ಕಾಲುದಾರಿ ಯಾರದೋ ಹೊಲದ ಬದು ಹಿಡಿದಾಗ ಈ ಪ್ರಶ್ನೆ ಏಳುತ್ತದೆ.

ಪುಕ್ಕಟೆಯಾಗಿ ಜಾಗ ಬಿಟ್ಟವರ ಹೊಣೆಯನ್ನು ತಗ್ಗಿಸುವ ಕಾಯ್ದೆ ಅಮೆರಿಕದ ಮಿಷಿಗನ್‌ನಲ್ಲಿ 1953ರಲ್ಲೇ ಬಂತು. ಭಾರತದಲ್ಲಿ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಇಲ್ಲಿ ಆಧಾರವಾಗುವುದು ನಿರ್ಲಕ್ಷ್ಯ ಕುರಿತ ಸಾಮಾನ್ಯ ನ್ಯಾಯತತ್ವ ಮತ್ತು 1882ರ ಈಸ್‌ಮೆಂಟ್ ಕಾಯ್ದೆ. ಅದರ 57ನೇ ಕಲಮಿನಂತೆ, ಅನುಮತಿ ಕೊಟ್ಟವನು ತನಗೆ ಗೊತ್ತಿದ್ದು ಬಂದವನಿಗೆ ಗೊತ್ತಿರದ ಅಪಾಯವನ್ನು ತಿಳಿಸಲೇಬೇಕು. ಕಟ್ಟೆಯಿಲ್ಲದ, ಹುಲ್ಲು ಮುಚ್ಚಿದ ಪಾಳುಬಾವಿ ಇದಕ್ಕೆ ತಕ್ಕ ನಿದರ್ಶನ. ಕಣ್ಣೆದುರಿಗೇ ಇರುವ ಕಡಿದಾದ ಬಂಡೆ ಹಾಗಲ್ಲ. 58ನೇ ಕಲಮು ಜಾಗವನ್ನು ಅಪಾಯಕಾರಿಯಾಗಿ ಮಾರ್ಪಡಿಸುವುದನ್ನು ತಡೆಯುತ್ತದೆ.

ಅಕ್ರಮವಾಗಿ ನುಗ್ಗಿದವನಿಗೂ ಅಲ್ಪ ರಕ್ಷಣೆಯುಂಟು. ಬಿಹಾರದಲ್ಲಿ ಶೌಚಾಲಯಕ್ಕೆ ವಿದ್ಯುತ್ ಹರಿಯುವ ಬೆತ್ತಲೆ ತಂತಿ ಬಿಗಿದು ಸಾವಿಗೆ ಕಾರಣನಾದವನ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1963ರಲ್ಲಿ ಎತ್ತಿಹಿಡಿಯಿತು. ಹಂದಿ ಕಾಟಕ್ಕೆಂದು ಬೇಲಿಗೆ ಕರೆಂಟ್ ಕೊಡುವವರು ಗಮನಿಸಬೇಕಾದ ತೀರ್ಪಿದು.

ಪ್ರವೇಶ ಶುಲ್ಕವೋ ಕ್ಯಾಂಪ್ ಬಾಡಿಗೆಯೋ ಪಡೆದರೆ ಮಾಲೀಕ ಸೇವೆ ಒದಗಿಸುವವನಾಗುತ್ತಾನೆ. ಆಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಬರಬಹುದು. ಎಚ್ಚರಿಕೆ ಫಲಕ ನೆರವಿಗೆ ಬರುತ್ತದಾದರೂ ಪೂರ್ಣ ವಿನಾಯಿತಿ ಕೊಡದು.